ಗಣಿಗುಡ್ಡದ ಜೀರಿಗೆ ಮಿಡಿ

ಮನುಷ್ಯ ಬಿಟ್ಟುಹೋದ ನೆಲವನ್ನು ಪ್ರಕೃತಿ ಮರಳಿ ತನ್ನದಾಗಿಸಿಕೊಳ್ಳುತ್ತದೆ ಎಂಬುದು ಗಂಭೀರವಾದ ಸತ್ಯ. ನಮ್ಮ ಗಣಿಗುಡ್ಡದಲ್ಲಿ ಅದು ಮೊತ್ತಮೊದಲು ತನ್ನದಾಗಿಸಿಕೊಂಡದ್ದು ಮ್ಯಾನೇಜರರ ಪಾಯಿಖಾನೆಯನ್ನು.

ಹೊಸನಗರದ ಆಚೆಗಿನ ಈ ಗುಡ್ಡದಲ್ಲಿ ನಾನು ಹುಟ್ಟುವ ಮೊದಲೇ ಮ್ಯಾಂಗನೀಸ್ ತೆಗೆದು, ಸಾಕೆನಿಸಿ ಬಿಟ್ಟುಹೋಗಿದ್ದರಂತೆ. ಹೋದ ವರ್ಷ ಯಾವುದೋ ಕಂಪನಿ ಮತ್ತೆ ಅಗೆಯಲು ಅರ್ಜಿ ಹಾಕಿತು. ‘ಕುರುಚಲು ಗಿಡಗಳು, ಗಣನೀಯ ಕಟ್ಟಡಗಳಿಲ್ಲ’ ಎಂದು ಅವರ ವರದಿಯಲ್ಲಿ ಇಡೀ ಗುಡ್ಡ ಒಂದೇ ಸಾಲಿನಲ್ಲಿ ತೀರಿಕೊಂಡಿತ್ತು. ಊರಿಗೆ ಅವಮಾನವಾಯಿತು. ನಾವೇ ಸರಿಯಾದ ವರ್ಣನೆ ಬರೆದು ಅಹವಾಲು ಸಭೆಯಲ್ಲಿ ಓದುವುದೆಂದಾಯಿತು. ಗಿಡಮರಗಳಿಗೆ ನಾನು, ಸಾಗರದಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವ. ಕಟ್ಟಡಗಳಿಗೆ ನನ್ನ ಭಾವ, ನಿವೃತ್ತ ಓವರ್‌ಸಿಯರ್. ಮೂರನೆಯವರಾಗಿ ಅತ್ತಿಗೆ ಯಾಕೆ ಹೊರಟರೆಂದು ತಿಳಿಯಲಿಲ್ಲ.

"ನಿಮ್ಮಿಬ್ರಿಗೆ ಮಜ್ಜಿಗೆ ಹೊರೋರು ಯಾರು?" ಅಂದರು.

ಮಜ್ಜಿಗೆ ಹೊತ್ತದ್ದು ನಾನು.

ಗುಡ್ಡದ ನೆತ್ತಿ ಮುಟ್ಟಿದ್ದೇ ಮೂವರಿಗೂ ತಲೆಗೆ ಗಾಳಿ ಹೊಕ್ಕಿತು. ಕೆಳಗೆ ಹಿನ್ನೀರು ಹೊಳೆಯುತ್ತಿತ್ತು. ಮುಳ್ಳುಹಣ್ಣು ಕೈಗೆಟಕುವಷ್ಟಿತ್ತು. ಮೊಮ್ಮಕ್ಕಳಿರುವ ನಾವು ಬೀಜ ಯಾರು ದೂರ ಉಗಿಯುತ್ತಾರೆ ಎಂದು ಪಂದ್ಯ ಕಟ್ಟಿದೆವು. ಅತ್ತಿಗೆ ಗೆದ್ದರು. ಮದ್ದಿನ ಮನೆಯ ಮುಂದೆ ನಿಂತು ಭಾವ ನ್ಯಾಯಾಧೀಶರ ಧ್ವನಿಯಲ್ಲಿ ಘೋಷಿಸಿದರು: "ಬರಕೋ. ಸ್ಫೋಟಕ ದಾಸ್ತಾನು ಕೊಠಡಿ, ಸುಸ್ಥಿತಿಯಲ್ಲಿದೆ. ವಾಸ, ಬಾವಲಿ ಕುಟುಂಬ. ಮಾತಾಡಿಸಿದ್ರೆ ಉತ್ತರ ಇಲ್ಲ." ಅದಿರು ಜಾರಿಸುತ್ತಿದ್ದ ಕಲ್ಲುಗಾಲುವೆಯಲ್ಲಿ ಅತ್ತಿಮರವೊಂದು ಆರಾಮವಾಗಿ ಕಾಲು ಚಾಚಿತ್ತು. ತೋಡಿದ ಗುಂಡಿಯ ಅಂಚಿಗೆಲ್ಲ ಜರಿಗಿಡ, ಮೇಲೆ ನೆಲ್ಲಿ, ಮತ್ತಿ, ಕೌಲು. ನಾನು ಒಂದೊಂದರ ಲ್ಯಾಟಿನ್ ಹೆಸರು ಕೂಗಿದರೆ ಭಾವ "ಹಾಜರ್ ಸಾರ್" ಅನ್ನುತ್ತಿದ್ದರು.

ತೂಕದ ಕೋಣೆ ಬಂದಾಗ ಅತ್ತಿಗೆ ಬಾಗಿಲಿಗೆ ಅಡ್ಡ ನಿಂತರು.

"ಇಲ್ಲಿ ಎಂತದೂ ಇಲ್ಲ. ಮುಂದೆ ನಡೀರಿ."

ಅವರ ತಲೆಯ ಮೇಲೆ, ಮಾಡು ಹಾರಿಹೋದ ಕೋಣೆಯೊಳಗಿಂದ, ಆನೆಗಾತ್ರದ ಮಾವಿನಮರ ಎದ್ದು ನಿಂತಿತ್ತು. ಭಾವ ಬಿದ್ದಿದ್ದ ಒಂದು ಮಿಡಿ ಎತ್ತಿ ತೊಟ್ಟು ಮುರಿದರು. ಸೊನೆ ಚಿಮ್ಮಿತು. ಗುಡ್ಡಕ್ಕೆ ಗುಡ್ಡವೇ ಜೀರಿಗೆ ವಾಸನೆ.

"ಓಹೋ! ನಿಮ್ಮ ಉಪ್ಪಿನಕಾಯಿ ಭರಣಿ ಹುಟ್ಟೋದು ಇಲ್ಲಿ!"

ನಮ್ಮ ಕಡೆ ಬಂಗಾರ ಎಲ್ಲಿಟ್ಟಿದ್ದೇವೆಂದು ಹೇಳಿಯೇವು, ಒಳ್ಳೆಯ ಅಪ್ಪೆಮಿಡಿ ಮರ ಎಲ್ಲಿದೆಯೆಂದು ಹೇಳುವುದಿಲ್ಲ. ಅತ್ತಿಗೆ ಸ್ವಂತ ತಂಗಿಗೂ ಹೇಳಿರಲಿಲ್ಲ. ಪ್ರತಿ ವರ್ಷ ನನ್ನ ಅಣ್ಣನ ಜೊತೆ ಬೆಳಕು ಹರಿಯುವ ಮೊದಲೇ ಬಂದು ಮಿಡಿ ಇಳಿಸುತ್ತಿದ್ದರಂತೆ.

"ಬರೀಬ್ಯಾಡ ಮಾರಾಯ," ಅಂದರು ನನಗೆ. "ಸಭೇಲಿ ಓದಿದ್ರೆ ಮುಗೀತು. ರಿಪ್ಪನ್‌ಪೇಟೆಯಿಂದ ಚೀಲ ಹಿಡ್ಕಂಡು ಬರ್ತಾರೆ."

"ಬರೀದಿದ್ರೆ ಜೆಸಿಬಿ ಬರ್ತದೆ," ಅಂದರು ಭಾವ. "ಇಂಥ ಮರ ಇದ್ದು ಕುರುಚಲು ಅಂದವ್ರನ್ನ ಹಿಡಿಯಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಎಲ್ಲಿದೆ?"

ಬಹಳ ಹೊತ್ತು ವಾದವಾಯಿತು. ಕೊನೆಗೆ ನಾನು ಅತ್ತಿಗೆಯ ಪರ ವಾಲಿ ‘ಮಾವು, ಒಂದು’ ಎಂದಷ್ಟೇ ಬರೆದೆ. ಜೀರಿಗೆಯ ಸುದ್ದಿಯಿಲ್ಲ. ಅತ್ತಿಗೆ ಸಮಾಧಾನದಿಂದ ಮಜ್ಜಿಗೆ ಬಗ್ಗಿಸಿಕೊಟ್ಟರು.

ಅರ್ಧ ಗುಡ್ಡ ಇಳಿದ ಮೇಲೆ ಅತ್ತಿಗೆ ಗಕ್ಕನೆ ನಿಂತರು.

"ಬರೀ ಮಾವು ಅಂದ್ರೆ ಎಂತ ತಿಳ್ಕಳ್ತಾರೆ? ಹುಳಿ ಕಾಡುಮಾವು ಅಂತನಾ?"

"ತಿಳ್ಕಳ್ಳಿ ಬಿಡಿ ಅತ್ತಿಗೆ. ನಿಮಗೆ ಅದೇ ಅಲ್ವ ಬೇಕಾಗಿದ್ದು?"

"ನಾಕು ವರ್ಷ ಇಟ್ರೂ ಮೆತ್ತಗಾಗದ ಮಿಡಿ ಅದು! ಅದಕ್ಕೆ ಬರೀ ‘ಒಂದು’ ಅಂತೀಯಲ್ಲ, ನಾಚ್ಕೆ ಆಗಲ್ವ ನಿಂಗೆ? ತೆಗಿ ಪೆನ್ನು."

ಬಂಡೆಯ ಮೇಲೆ ಕೂತು ಹೇಳತೊಡಗಿದರು. ಸೊನೆಯ ಘಾಟು, ತೊಟ್ಟಿನ ಉದ್ದ, ಉಪ್ಪು ಎಷ್ಟು ದಿನಕ್ಕೆ ಹಿಡಿಯುತ್ತದೆ, ಸಾಸಿವೆ ಯಾವಾಗ ಅರೆಯಬೇಕು. ಭಾವ ನಕ್ಕು ನಕ್ಕು ಜರಿಗಿಡದೊಳಗೆ ಕೂತುಬಿಟ್ಟರು. ಆ ಗುಡ್ಡದ ಮಿಕ್ಕೆಲ್ಲ ಸಸ್ಯಸಂಪತ್ತಿಗೆ ಒಂದು ಪುಟ, ಈ ಮರಕ್ಕೆ ಎರಡು.

ಸಭೆಯಲ್ಲಿ ನಾನೇ ಓದಿದೆ. ಕಟ್ಟಡಗಳ ಭಾಗ ಬಂದಾಗ ಜನ ಆಕಳಿಸಿದರು. ಮರದ ಭಾಗ ಬಂದಾಗ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಅಧಿಕಾರಿ ಕನ್ನಡಕ ತೆಗೆದು ಕಂಪನಿಯವರನ್ನು ನೋಡಿದರು.

"ಇದು ಕುರುಚಲಾ?"

ಅವರು ಫೈಲು ತೆರೆಯುವಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೈಯೆತ್ತಿದರು. ಆಕ್ಷೇಪಣೆಯಿರಬೇಕೆಂದು ಮೈಕು ಕೊಟ್ಟರು.

"ಆ ತೂಕದ ಕೋಣೆಗೆ ಗಾಡಿ ಹೋಗ್ತದಾ ಸಾರ್?"

ಅತ್ತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಅತ್ತರೋ ನಕ್ಕರೋ, ಭುಜವಂತೂ ಕುಣಿಯುತ್ತಿತ್ತು.

ಕಂಪನಿಯ ಅರ್ಜಿ ವಾಪಸಾಯಿತು, ಗಣಿ ತೆರೆಯಲಿಲ್ಲ. ಈ ವರ್ಷ ನಾವು ಉಪ್ಪಿನಕಾಯಿಗೆ ಮಿಡಿಯನ್ನು ಸಾಗರದ ಪೇಟೆಯಿಂದ ತಂದೆವು.