ಗಿರಣಿ ತಿರುವಿಗೆ ಬಂದ ರೆಕ್ಕೆ ಲಾರಿ

ಇವತ್ತು ಮಾಡಿದ ಕೆಲಸಗಳು. ನಲ್ಲಿ ಬಿಡುವ ದಿನವಾದ್ದರಿಂದ ಬೆಳಕು ಹರಿಯುವ ಮೊದಲೇ ಡ್ರಮ್ಮು, ಕೊಡ, ಹಂಡೆ ಎಲ್ಲ ತುಂಬಿಸಿದೆ. ಬಾಗಿಲಿಗೆ ನೀರು ಹಾಕಿದೆ. ಇವರ ಡಬ್ಬಿಗೆ ಚಿತ್ರಾನ್ನ ಕಟ್ಟಿದೆ. ಕಡಲೆಬೇಳೆ ಬಿಸಿಲಿಗೆ ಹರವಿದೆ. ಗಾಳಿಗೆ ಮೊರವೇ ಮಗುಚಿತು, ಕೂತು ಆರಿಸಿದೆ. ಒಂದು ರೈಲಿನ ಎಂಜಿನ್ನನ್ನೂ ಅದರ ಬೋಗಿಗಳನ್ನೂ ಹಳೇ ಪಂಚೆಯ ತುಂಡುಗಳಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಗೆ ಹಾಕಿದೆ. ಆಮೇಲೆ ಊರವರ ಜೊತೆ ರಸ್ತೆ ಬದಿಗೆ ನಿಂತು, ನಮ್ಮ ಬೀದಿಗಿಂತ ಉದ್ದದ ಒಂದು ರೆಕ್ಕೆ ನಮ್ಮದೇ ಮನೆಯ ಮೇಲಿಂದ ಹಾದುಹೋಗುವುದನ್ನು ನೋಡಿದೆ. ಒಳಗೆ ಬಂದು ಕಸ ಗುಡಿಸಿದೆ.

ಹೊನ್ನಾವರದ ಕಡೆಯ ನೀವು ಇದನ್ನು ಓದಿ, ಇವಳಿಗೆ ಬಯಲುಸೀಮೆಯ ಬಿಸಿಲು ತಲೆಗೇರಿದೆ ಎನ್ನಬಹುದು. ಮೊದಲ ಸಲ ಅಂಥದ್ದನ್ನು ಕಂಡಾಗ ನನಗೂ ಹಾಗೇ ಅನಿಸಿತ್ತು. ಇವರಿಗೆ ತಾಳ್ಯ ಹೋಬಳಿಯ ದನದ ಆಸ್ಪತ್ರೆಗೆ ವರ್ಗವಾಗಿ ನಾವು ಈ ಊರಿಗೆ ಬರುತ್ತಿದ್ದ ದಿನ, ಹೊಳಲ್ಕೆರೆ ದಾಟಿದ ಮೇಲೆ ನಮ್ಮ ಬಸ್ಸು ನಿಂತುಬಿಟ್ಟಿತು. ಎದುರಿಗೆ ಬಿಳಿಯದೊಂದು ಮೈ, ತುದಿ ಕಾಣದಷ್ಟು ಉದ್ದ, ನಿಧಾನವಾಗಿ ಜರುಗುತ್ತಿತ್ತು. ಹಡಗೊಂದು ಸಮುದ್ರದ ದಾರಿ ತಪ್ಪಿ ಇಲ್ಲಿಗೆ ಬಂದಿದೆ ಎಂದೇ ತಿಳಿದೆ. ಅದು ಗಾಳಿಯಂತ್ರದ ಒಂದೇ ಒಂದು ರೆಕ್ಕೆ. ಗುಡ್ಡದ ಸಾಲಿನ ಮೇಲೆಲ್ಲ ತಿರುಗುವ ಆ ಯಂತ್ರಗಳಿಗೆ ಇಲ್ಲಿನವರು 'ಫ್ಯಾನು' ಎನ್ನುತ್ತಾರೆ, ನಮ್ಮ ಮನೆಯ ಸೂರಿಗೆ ನೇತುಹಾಕಿದ ವಸ್ತುವೇನೋ ಎಂಬಂತೆ.

ಮನೆಯೂ ಹೊಸತು. ನಮ್ಮಲ್ಲಿ ಮಾಡು ಎಂದರೆ ಇಳಿಜಾರು, ಮಳೆ ಜಾರಿ ಹೋಗಬೇಕು. ಇಲ್ಲಿಯದು ಮಾಳಿಗೆ, ಅಂಗೈಯಷ್ಟು ಸಪಾಟು. ಅದರ ಮೇಲೆ ಹಪ್ಪಳ ಒಣಗಿಸುತ್ತಾರೆ, ಮಲಗುತ್ತಾರೆ, ಪಕ್ಕದ ಮಾಳಿಗೆಯವರೊಡನೆ ಜಗಳವನ್ನೂ ಆಡುತ್ತಾರೆ. ಊಟವೂ ಹಾಗೆ. ಕುಚ್ಚಲಕ್ಕಿ ಗಂಜಿಯನ್ನು ಸುರಿದು ಉಂಡ ಬಾಯಿಗೆ ಮುದ್ದೆ ನುಂಗುವುದನ್ನು ಕಲಿಸಲು ಒಂದು ಮಳೆಗಾಲ ಬೇಕಾಯಿತು. ಮಳೆಗಾಲ ಎಂದದ್ದು ಬಾಯಿ ರೂಢಿಗೆ. ಇಲ್ಲಿ ಆ ತಿಂಗಳುಗಳಲ್ಲಿ ಬೀಸುವುದು ಗಾಳಿ. ಬಾಗಿಲು ಬಡಿಯುತ್ತದೆ, ತಂತಿ ಕೂಗುತ್ತದೆ, ಒಗೆದ ಬಟ್ಟೆ ಹುಡುಕಿಕೊಂಡು ಮೂರು ಮನೆ ತಿರುಗಬೇಕು. ಒಂದು ಕಡೆ ಕೂರಲು ಮನಸ್ಸೇ ಬರುವುದಿಲ್ಲ. ಬಂದ ಮೊದಲ ವರ್ಷವೇ ಇವರು ವಾಪಸು ವರ್ಗಕ್ಕೆ ಅರ್ಜಿ ಹಾಕಿದರು. ಅಂದಿನಿಂದ ಫೋನು ಹೊಡೆದುಕೊಂಡಾಗಲೆಲ್ಲ, ಆದೇಶ ಬಂತೇನೋ ಎಂದು, ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನಿಲ್ಲುತ್ತೇನೆ.

ನನ್ನನ್ನು ಕೂರಿಸುತ್ತಿದ್ದದ್ದು ಒಂದೇ, ಮಾಡೆಲ್ ಕೆಲಸ. ಹೊನ್ನಾವರದ ಕಡೆ ನಮ್ಮ ಹಿತ್ತಲಿನ ಆಚೆ ರೈಲು ಓಡತೊಡಗಿದಾಗಿನಿಂದ ರಟ್ಟು, ಫೋಮ್ ಶೀಟ್, ಅಂಗಿಯ ಗುಂಡಿ, ಖಾಲಿ ರೀಫಿಲ್ಲುಗಳಲ್ಲಿ ರೈಲು, ಬಸ್ಸು, ಲಾರಿ ಮಾಡುತ್ತ ಬಂದವಳು ನಾನು. ನಿಜದ ಒಂದು ಮೀಟರಿಗೆ ನನ್ನದು ಒಂದು ಸೆಂಟಿಮೀಟರು. ಕಟ್ಟುವುದಕ್ಕಿಂತ ಬಣ್ಣದ ಕೆಲಸ ನಿಧಾನ. ಹೊಸ ಬಣ್ಣ ಬಳಿದು, ಒಣಗಿಸಿ, ಆಮೇಲೆ ಅದನ್ನು ಹಳತು ಮಾಡಬೇಕು. ಇಲ್ಲಿಗೆ ಬಂದ ಮೇಲೆ ಅದನ್ನೂ ಹೊಸದಾಗಿ ಕಲಿತೆ. ನಮ್ಮಲ್ಲಿ ಗಾಡಿ ಮೇಲಿನಿಂದ ಹಳತಾಗುತ್ತದೆ: ಉಪ್ಪುಗಾಳಿಗೆ ತುಕ್ಕು ಹಿಡಿದು, ಮಳೆಯಲ್ಲಿ ಕಂದು ಗೆರೆಯಾಗಿ ಇಳಿಯುತ್ತದೆ. ಇಲ್ಲಿ ಕೆಳಗಿನಿಂದ: ಗಾಲಿಯಿಂದೆದ್ದ ದೂಳು ಬಾಗಿಲಿನವರೆಗೆ ಏರಿ, ಅಲ್ಲಿ ಸುಸ್ತಾಗಿ ನಿಲ್ಲುತ್ತದೆ. ಮನೆ ಮಾಲೀಕರನ್ನು ಕೇಳಿ, ನಮ್ಮದೇ ಖರ್ಚಿನಲ್ಲಿ ಮಾಳಿಗೆಯ ಮೇಲೊಂದು ತಗಡಿನ ಶೆಡ್ ಹಾಕಿಸಿಕೊಂಡೆ. ಸಂಜೆಯಾದರೆ ಅಲ್ಲಿ ದೀಪ ಹಚ್ಚಿ ಕೂರುತ್ತಿದ್ದೆ. ಗಾಳಿಗೆ ಉರುಳಿ ಬೀಳದಿರಲೆಂದು ಮಾಡೆಲ್‌ಗಳ ಗಾಲಿಗಳಿಗೆಲ್ಲ ಅಂಟು ಹಾಕಿಬಿಡುತ್ತಿದ್ದೆ. ಅವು ನಿಲ್ಲುವುದಕ್ಕೆ ಮಾಡಿದ ಗಾಡಿಗಳು.

ನಮ್ಮ ಮನೆ ಇರುವುದು ರಸ್ತೆಯ ತಿರುವಿನ ಹೊರಮಗ್ಗುಲಿಗೆ. ಎದುರಿಗೆ, ಒಳಮಗ್ಗುಲಿಗೆ, ಗಿರಿಜಮ್ಮನವರ ಹಿಟ್ಟಿನ ಗಿರಣಿ. ಮುಂದಿನ ಕೋಣೆಯಲ್ಲಿ ಮಿಷನ್ನು, ಹಿಂದಿನದರಲ್ಲಿ ಅವರ ವಾಸ. ಕಳೆದ ತಿಂಗಳು ಈ ಊರ ಆಚೆಯ ಗುಡ್ಡಕ್ಕೂ ಫ್ಯಾನು ಬರುತ್ತದೆಂದಾಯಿತು. ರೆಕ್ಕೆ ಸಾಗಿಸುವವರ ಕಡೆಯ ಸೂಪರ್‌ವೈಸರ್ ಸೆಲ್ವಂ ಎಂಬಾತ ಬಂದು, ಟೇಪು ಹಿಡಿದು ಅಳೆದು, ಗಿರಣಿಯ ಮುಂದಿನ ಗೋಡೆಗೆ ಕೆಂಪು ಗೆರೆ ಎಳೆದು ಹೋದ. ಅಷ್ಟು ಭಾಗ ಒಡೆಯದೆ ಲಾರಿ ತಿರುಗುವುದಿಲ್ಲವಂತೆ.

ಮರುದಿನ ಗಿರಿಜಮ್ಮ ಸೆರಗಿನ ಹಿಟ್ಟು ಕೊಡವುತ್ತ ನಮ್ಮ ಮೆಟ್ಟಿಲು ಹತ್ತಿ ಬಂದರು.

"ಶಾರದವ್ವ, ಆಟದ ರೈಲು ಮಾಡ್ತೀರಲ್ಲ, ಹಂಗೇ ಆ ಫ್ಯಾನಿನ ಲಾರೀನೂ ಒಂದು ಮಾಡ್ರಿ. ಆ ಗೆರೆ ಸುಳ್ಳು ಅಂತ ತೋರಿಸ್ರಿ."

"ಪರಿಹಾರ ಕೊಡ್ತಾರಂತಲ್ಲ ಗಿರಿಜಮ್ಮ?"

"ಕೊಡ್ತಾರೆ. ಅದನ್ನ ಇಟ್ಕಂಡು ರಾಗಿ ಬೀಸಾಕಾಗ್ತೈತಾ? ನಮ್ಮತ್ತೆ ಕಾಲದಾಗಿಂದ ಐತೆ ಈ ಗಿರಣಿ. ಮುಂದಿನ ಕೋಣೆ ಹೋದ್ರೆ ಮಿಷನ್ನು ಎಲ್ಲಿಡ್ಲಿ, ತಲೆ ಮ್ಯಾಲಾ?"

ನನಗೆ ಒಳಗೊಳಗೇ ಖುಷಿ. ಈ ಊರಿನಲ್ಲಿ ಯಾರೋ ನನ್ನನ್ನು ಏನೋ ಕೇಳಿದ ಮೊದಲ ಸಲ ಅದು. ಒಂದು ವಾರ ಅಡುಗೆಯನ್ನು ಅರ್ಧಂಬರ್ಧ ಮಾಡಿ ಲಾರಿ ಕಟ್ಟಿದೆ. ನನ್ನ ತೋಳಿನಷ್ಟುದ್ದದ ರೆಕ್ಕೆಯನ್ನು ಥರ್ಮಾಕೋಲಿನಲ್ಲಿ ಉಜ್ಜಿ ತೆಗೆದೆ. ಎಂಜಿನ್ ಮುಂಭಾಗಕ್ಕೆ ಕೆಂಪು ಬಾವುಟ, ಚಕ್ರದ ಹಿಂದೆ ರಬ್ಬರಿನ ಪರದೆ, ಬಾಗಿಲಿನವರೆಗೆ ದೂಳು, ಯಾವುದನ್ನೂ ಬಿಡಲಿಲ್ಲ. ಗಾಲಿ ಉರುಳುವಂತೆಯೂ ಮಾಡಿದೆ.

ಭಾನುವಾರ ಗಿರಣಿ ಮುಂದೆ ಜನ ಸೇರಿದರು. ಕುರಿ ಸಾಕುವ ರಂಗಪ್ಪ ಟೇಪಿನ ತುದಿ ಹಿಡಿದರು. ತಿರುವನ್ನೂ ಗಿರಣಿಯನ್ನೂ ಅಳತೆ ಮಾಡಿ, ಅವನ್ನೇ ಚಿಕ್ಕದಾಗಿ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬರೆದೆ.

"ಏನಮ್ಮಾರೇ, ಈ ಲಾರಿಯಾಗೆ ಎಷ್ಟು ಕುರಿ ಹಿಡಿಸ್ತಾವೆ?" ಎಂದರು ರಂಗಪ್ಪ.

"ಕುರಿ ಬಿಟ್ಟು ಇರುವೆ ಸಾಕು ಮೊದ್ಲು, ಆಮೇಲೆ ಕೇಳುವಿಯಂತೆ," ಎಂದರು ಗಿರಿಜಮ್ಮ. ಎಲ್ಲರೂ ನಕ್ಕರು.

ಲಾರಿಯನ್ನು ತಳ್ಳಿದೆ. ಮುಂದಿನ ಭಾಗ ಸಲೀಸಾಗಿ ತಿರುಗಿತು. ಹಿಂದಿನ ಗಾಲಿಗಳು ಅಡ್ಡಹಾದಿ ಹಿಡಿದು, ರೆಕ್ಕೆಯ ಹೊಟ್ಟೆ ಗಿರಣಿಯ ಗೆರೆಯನ್ನು ಉಜ್ಜಿಕೊಂಡು ಒಳಗೇ ನುಗ್ಗಿತು. ಮತ್ತೆ ತಳ್ಳಿದೆ. ಮತ್ತೆ ಹಾಗೇ. ನಿಜದ ಗೋಡೆಯಲ್ಲಿ ಕೆಂಪು ಗೆರೆ ಇದ್ದಷ್ಟೇ ಭಾಗದ ಪುಡಿ ಅಳಿಸಿಹೋಯಿತು.

"ಲಾರಿ ಚೆಂದ ಐತೆ ಬಿಡ್ರಿ," ಎಂದರು ರಂಗಪ್ಪ.

ಗಿರಿಜಮ್ಮ ಎದ್ದು ನಿಂತರು. "ಅವನು ಗೋಡೆ ಮ್ಯಾಲೆ ಗೆರೆ ಎಳೆದಿದ್ದ ಅಷ್ಟೇ. ನೀವು ಊರಿನ ಮುಂದೆ ಕುಂತು ಅದನ್ನ ನಿಜ ಮಾಡಿದ್ರಲ್ಲವ್ವ."

ಆಮೇಲಿನ ದಿನಗಳು ಕಷ್ಟವಾದವು. ಗಿರಣಿಗೆ ಹೋದರೆ ನನ್ನ ಡಬ್ಬಿ ಸಾಲಿನಲ್ಲಿ ಕೊನೆಗೆ ಸರಿಯುತ್ತಿತ್ತು. ಜಗಳವಿಲ್ಲ, ಮಾತಿಲ್ಲ. ನಮ್ಮ ಊರಿನ ಕಡೆಯಾದರೆ ಮುನಿಸಿಕೊಂಡವರು ಬೇಲಿಯಾಚೆ ನಿಂತು ನಾಲ್ಕು ಮಾತು ಕೇಳುವಂತೆ ಆಡುತ್ತಾರೆ. ಅದಕ್ಕೆ ಉತ್ತರ ಕೊಡಬಹುದು. ಇಲ್ಲಿ ಮಿಷನ್ನಿನ ಸದ್ದು ಮಾತ್ರ. ಮಾಳಿಗೆ ಹತ್ತುವುದು, ಲಾರಿ ನೋಡುವುದು, ಇಳಿಯುವುದು. ಎಲ್ಲಿ ತಪ್ಪಿದೆನೋ ತಿಳಿಯದು.

ಕೊನೆಗೆ ಇವರೇ, "ಒಮ್ಮೆ ನಿಜವಾದ್ದನ್ನು ನೋಡಿ ಬರುವ ಮಾರಾಯ್ತಿ," ಎಂದು ಬೈಕು ತೆಗೆದರು. ರೆಕ್ಕೆ ಲಾರಿಗಳು ಚಿತ್ರದುರ್ಗದ ಹೊರಗೆ ಹೆದ್ದಾರಿ ಬದಿಯ ಬಯಲಿನಲ್ಲಿ ನಿಂತಿದ್ದವು. ಒಂದು ಲಾರಿ ಹಿಂದಕ್ಕೂ ಮುಂದಕ್ಕೂ ಜರುಗುತ್ತಿತ್ತು. ಹಿಂಬದಿಯಲ್ಲಿ ಒಬ್ಬ ಕೊರಳಿಗೆ ಸಣ್ಣ ಪೆಟ್ಟಿಗೆ ನೇತುಹಾಕಿಕೊಂಡು ನಡೆಯುತ್ತಿದ್ದ. ಅವನು ಪೆಟ್ಟಿಗೆಯ ಕಡ್ಡಿ ತಳ್ಳಿದಂತೆ ಹಿಂದಿನ ಗಾಲಿಗಳೆಲ್ಲ ಒಟ್ಟಿಗೆ ಹೊರಳಿದವು. ನಾನು ಅಲ್ಲೇ ತಲೆ ಚಚ್ಚಿಕೊಂಡೆ. ಬಸ್ಸು, ಬೋಗಿ ಮಾಡಿ ಅಭ್ಯಾಸವಾದ ಕೈ. ಹಿಂದಿನ ಗಾಲಿ ನೆಟ್ಟಗೆ ಇರಬೇಕೆಂದು ನೋಡದೆಯೇ ನೆಟ್ಟಗೆ ಕೂರಿಸಿತ್ತು.

ಗಿರಣಿ ತಿರುವಿನ ಊರಿನವರು ಎಂದದ್ದಕ್ಕೆ ಸೆಲ್ವಂ ಚಹಾ ತರಿಸಿದ. ಅವನೂ ಪರವೂರಿನವನೇ, ತಮಿಳುನಾಡಿನವನು, ಇಲ್ಲೇ ಓಡಾಡಿ ಕಲಿತ ಕನ್ನಡ.

"ಹಾಗಾದರೆ ಗಿರಣಿ ಉಳಿಯುತ್ತದಲ್ಲ?" ಎಂದೆ.

"ಉಳಿಯುತ್ತೆ ಅಮ್ಮಾ. ಆದ್ರೆ ಹಿಂದಿನ ಗಾಲಿ ಹೊರಗೆ ಹೋದ್ರೆ ರೆಕ್ಕೆ ಬಾಲವೂ ಹೊರಗೆ ಬೀಸುತ್ತೆ. ಗಿರಣಿ ಎದುರು ಮನೆ ಮಾಳಿಗೆ ಮೇಲೆ ಹೋಗಬಹುದು, ಅಷ್ಟು ಎತ್ತರ ಇರುತ್ತೆ. ಆದ್ರೆ ಅಲ್ಲಿ ಒಂದು ಶೆಡ್ ಇದೆ. ಸಂಜೆ ಲೈಟ್ ನೋಡಿದೆ. ಸಂಸಾರ ಇದೆ ಅಂದ್ಕೊಂಡೆ. ಗಿರಣಿ ಕಡೆ ಮುಂದಿನ ರೂಮಲ್ಲಿ ಬರೀ ಮಿಷನ್. ಸಂಸಾರ ಹೇಗೆ ಎಬ್ಬಿಸೋದು?"

ಚಹಾ ಮುಗಿಸಿದೆ. ಲೋಟ ಇಟ್ಟೆ. ಬೈಕು ಹತ್ತಿದೆ. ಅರ್ಧ ದಾರಿ ಬಂದ ಮೇಲೆ, "ನಿಲ್ಲಿಸಿ," ಎಂದೆ.

"ಏನು ಮರೆತೆ?"

"ಹೇಳುವುದು ಮರೆತೆ."

ಇವರು ಬೈಕು ನಿಲ್ಲಿಸಿ ತಿರುಗಿದರು. "ಆ ಶೆಡ್ ಇಲ್ಲದಿದ್ರೆ ನೀನು ಇಲ್ಲಿ ಒಂದು ವಾರ ಇರ್ತೀಯಾ?"

"ಗೊತ್ತಿಲ್ಲ. ನೀವು ಗಾಡಿ ತಿರುಗಿಸಿ."

ಸೆಲ್ವಂಗೆ ಹೇಳಿದೆ. ಆ ಶೆಡ್ ನನ್ನದು, ಸಂಸಾರವಿಲ್ಲ, ರೈಲುಗಳಿವೆ ಎಂದು. "ರೈಲಾ?" ಎಂದು ಅವನು ಇವರ ಮುಖ ನೋಡಿದ. ಫೋನಿನಲ್ಲಿದ್ದ ಫೋಟೋ ತೋರಿಸಿದೆ. ದೊಡ್ಡದು ಮಾಡಿ ನೋಡಿ, ಫೋನು ವಾಪಸು ಕೊಟ್ಟು, "ತೆಗೆದ್ರೆ ನನಗೆ ಹೇಳಿ ಅಮ್ಮಾ. ಬಂದು ಮತ್ತೆ ಅಳೀತೀನಿ," ಎಂದ.

ಲಾರಿಯ ಹಿಂಭಾಗ ಕಿತ್ತು, ಗಾಲಿಗಳನ್ನು ಒಂದು ಗುಂಡುಸೂಜಿಯ ಮೇಲೆ ಕೂರಿಸಿ, ಕಡ್ಡಿಯಿಂದ ಹೊರಳಿಸುವಂತೆ ಮಾಡಿದೆ. ಬಣ್ಣ ಬಳಿಯಲು ಪುರುಸೊತ್ತಿರಲಿಲ್ಲ. ಹಿಂದಿನ ಅರ್ಧ ಬರೀ ರಟ್ಟು. ಜನ ಈ ಸಲ ಕಡಿಮೆ. ಗಿರಿಜಮ್ಮ ಹೊಸ್ತಿಲಲ್ಲೇ ನಿಂತಿದ್ದರು. ರಂಗಪ್ಪನ ಕೈಗೆ ಹಿಂದಿನ ಕಡ್ಡಿ ಕೊಟ್ಟೆ.

"ಕುರಿ ತಿರುಗಿಸ್ದಂಗೇ ತಾನೆ? ಬರ್ರಿ, ಹೋಗಾಣ," ಎಂದರು.

ನಾನು ಮುಂದೆ ಎಳೆದೆ, ಅವರು ಹಿಂದೆ ಹೊರಳಿಸಿದರು. ರೆಕ್ಕೆಯ ಹೊಟ್ಟೆ ಗಿರಣಿಯ ಗೆರೆಯನ್ನು ಒಂದು ಬೆರಳಿನ ಅಂತರದಲ್ಲಿ ಬಿಟ್ಟು ದಾಟಿತು. ಬಾಲ ಹೊರಗೆ ಬೀಸಿ, ನಮ್ಮ ಮನೆಯೆಂದು ಇಟ್ಟಿದ್ದ ಬೆಂಕಿಪೊಟ್ಟಣಗಳಲ್ಲಿ ಮೇಲಿನದನ್ನು, ಶೆಡ್ಡನ್ನು, ಹಾರಿಸಿ ಕೆಡವಿತು.

ಗಿರಿಜಮ್ಮ ಹೊಸ್ತಿಲು ಇಳಿದು ಬಂದು ಬಿದ್ದ ಪೊಟ್ಟಣವನ್ನು ಎತ್ತಿಕೊಂಡರು. ತಲೆಯೆತ್ತಿ ನಮ್ಮ ಮಾಳಿಗೆ ನೋಡಿದರು.

"ಅದ್ರಾಗೆ ನಿಮ್ಮ ರೈಲು ಅವೆ ಅಲ್ಲೇನವ್ವ?"

"ರೈಲು ಎಲ್ಲಾದರೂ ನಿಲ್ಲುತ್ತದೆ ಗಿರಿಜಮ್ಮ," ಎಂದೆ.

ಶೆಡ್ ಬಿಚ್ಚಲು ಒಂದು ಬೆಳಗಿನ ಹೊತ್ತೂ ಹಿಡಿಯಲಿಲ್ಲ. ಸೆಲ್ವಂ ಬಂದು ಅಳೆದು, ಗಿರಣಿಯ ಗೋಡೆಯ ಕೆಂಪು ಗೆರೆಗೆ ತಾನೇ ಸುಣ್ಣ ಹೊಡೆಸಿದ. ಇವತ್ತು ರೆಕ್ಕೆ ಬಂದಾಗ ಊರೇ ರಸ್ತೆ ಬದಿಗೆ ಸೇರಿತ್ತು. ಹಿಂದಿನವನು ಪೆಟ್ಟಿಗೆ ಹಿಡಿದು ನಡೆದ, ಗಾಲಿಗಳು ಹೊರಳಿದವು, ಬಿಳಿ ಬಾಲ ನಮ್ಮ ಖಾಲಿ ಮಾಳಿಗೆಯನ್ನು ನೇವರಿಸಿದಂತೆ ದಾಟಿತು. ಗಿರಣಿಯ ಗೋಡೆಯಿಂದ ಒಂದು ಚಕ್ಕೆಯೂ ಉದುರಲಿಲ್ಲ. ಲಾರಿ ಮರೆಯಾಗುವ ಮೊದಲೇ ಗಿರಿಜಮ್ಮ ಒಳಗೆ ಹೋಗಿ ಮಿಷನ್ನು ಹಾಕಿದರು.

ಸಂಜೆ ಅವರೇ ಬಂದು ಪೆಟ್ಟಿಗೆಗಳ ನಡುವೆ ಕೂತರು. ನಮಗಿರುವ ಒಂದೇ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ.

"ರೈಲು ತಂದು ನಮ್ಮ ಗಿರಣಿಯಾಗೆ ಇಟ್ಕಳ್ರಿ."

"ಹಿಟ್ಟು ಕೂರುತ್ತದೆ ಗಿರಿಜಮ್ಮ."

"ಕುಂತ್ರೆ ಕುಂತ್ಕಳ್ಳಿ. ಹಿಮಾಲಯಕ್ಕೆ ಹೋಗಿ ಬಂದಂಗೆ ಕಾಣ್ತೈತೆ." ಅವರು ನಗಲಿಲ್ಲ, ನಿಜವಾಗಿಯೇ ಹೇಳಿದ್ದು. ಹೋಗುವಾಗ ಬಾಗಿಲಲ್ಲಿ ನಿಂತು, "ವರ್ಗ ಆಯ್ತು ಅಂತ ಹೇಳ್ದಂಗೆ ಹೋಗ್ಬ್ಯಾಡ್ರಿ," ಎಂದರು.

ರೆಕ್ಕೆಗಳು ಇನ್ನೂ ಬರಲಿವೆ. ಎಲ್ಲ ದಾಟಿದ ಮೇಲೆ ಶೆಡ್ ಮತ್ತೆ ಹಾಕಿಕೊಳ್ಳಲು ಅಡ್ಡಿಯಿಲ್ಲ ಎಂದಿದ್ದಾನೆ ಸೆಲ್ವಂ. ಆದರೆ ಅಷ್ಟರೊಳಗೆ ವರ್ಗದ ಆದೇಶ ಬಂದರೆ? ಪೆಟ್ಟಿಗೆಗಳಿಗೆ ಹಗ್ಗ ಸುತ್ತಿದ್ದೇನೆ, ಗಂಟು ಹಾಕಿಲ್ಲ. ಈಗ ಊರಿಗೆ ಹೋದರೆ ನನ್ನ ಬಸ್ಸುಗಳಿಗೆ ತುಕ್ಕು ಮೊದಲು ಬಳಿಯುತ್ತೇನೋ ದೂಳು ಮೊದಲೋ, ಅದೂ ತಿಳಿಯದು.

ಗಿರಿಜಮ್ಮ ತಂದಿದ್ದ ಹೊಸ ಹಿಟ್ಟಿನ ಮುದ್ದೆ, ಸೊಪ್ಪಿನ ಸಾರು, ಅಕ್ಕ ಊರಿನಿಂದ ಕಳಿಸಿದ ಒಣ ಸಿಗಡಿಯ ಚಟ್ನಿ ಉಂಡೆವು. ಕೆಳಗೆ ಜಾಗವಿಲ್ಲದ್ದರಿಂದ ಚಾಪೆ ಹೊತ್ತು ಮಾಳಿಗೆಗೆ ಹೋದೆವು. "ಶೆಡ್ ಮತ್ತೆ ಹಾಕುವುದಾ, ಬೇಡವಾ?" ಎಂದು ಇವರು ಕೇಳಿದರು. ಯೋಚಿಸಿ, "ಹಾಕುವ," ಎಂದೆ. ಅಷ್ಟರಲ್ಲಿ ಇವರಿಗೆ ನಿದ್ದೆ ಹತ್ತಿತ್ತು. "ಬೇಡ," ಎಂದೂ ಒಮ್ಮೆ ಹೇಳಿ ನೋಡಿದೆ.