ಬೆನ್ನಿನ ನೀರಿನ ಬಣ್ಣ

ಬೆಳಗಿನ ಆರು ಗಂಟೆ. ಮಕ್ಕಳ ಆಸ್ಪತ್ರೆಯ ಪ್ರಯೋಗಾಲಯದ ಕಿಟಕಿಯ ಬಳಿ ಹೆಂಗಸೊಬ್ಬರು ಬಿಳಿ ಹಾಳೆಯ ಮುಂದೆ ಎರಡು ಪುಟ್ಟ ಸೀಸೆ ಹಿಡಿದು ನಿಂತಿದ್ದಾರೆ. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ಐದು ದಿನದ ಕೂಸಿನ ಬೆನ್ನುಹುರಿಯ ಸುತ್ತಲಿಂದ ಸೂಜಿ ಚುಚ್ಚಿ ತೆಗೆದ ನೀರು. ಬಾಗಿಲಲ್ಲಿ ಕಿರಿಯ ಡಾಕ್ಟರು ಚಡಪಡಿಸುತ್ತಿದ್ದಾರೆ.

"ಬೇಗ ಮೆಷಿನ್‌ಗೆ ಹಾಕಿ ಅಕ್ಕಾ, ಅದೇನು ಕನ್ನಡೀನಾ ಅಷ್ಟು ಹೊತ್ತು ನೋಡೋಕೆ?"

"ಸ್ವಲ್ಪ ಕೆಂಪಗಿದೆ ತಮ್ಮಾ, ರಕ್ತ ಸೇರಿದೆ. ಇನ್ನೊಂದ್ಸಲ ತೆಗೀಬೇಕು."

"ಮತ್ತೆ ಚುಚ್ಚೋದಾ? ಅವರಮ್ಮ ನನ್ನನ್ನ ಹರಿದು ತಿಂತಾರೆ!"

"ನನ್ನ ಹೆಸರು ಹೇಳಿ. ನನ್ನೇ ತಿನ್ನಲಿ."

ಇಪ್ಪತ್ತೆರಡು ವರ್ಷದಿಂದ ಇಲ್ಲಿ ಟೆಕ್ನಿಷಿಯನ್ ಆಗಿರುವ ಇವರಿಗೆ, ಸರಿಯಿಲ್ಲದ ಸೀಸೆಯನ್ನು ಹಿಂದಕ್ಕೆ ಕಳಿಸುವುದರಿಂದ, 'ವಾಪಸ್ ಅಕ್ಕ' ಎಂದೇ ಹೆಸರು. ದಿನಕ್ಕೆ ನೂರೈವತ್ತು ಸೀಸೆ ಇವರ ಕೈ ದಾಟುತ್ತವೆ. ಬೆನ್ನಿನ ನೀರಿನಲ್ಲಿ ಗ್ಲೈಸಿನ್ ಅಳೆಯಲು ಇಂಥದ್ದು ಬರುವುದು ಎರಡು ಮೂರು ತಿಂಗಳಿಗೊಂದು. ಗ್ಲೈಸಿನ್ ಎಂಬ ಅತಿ ಸರಳ ಅಮೈನೋ ಆಮ್ಲವನ್ನು ಒಡೆಯಲು ನಮ್ಮ ಮೈಯಲ್ಲಿ ಕಿಣ್ವವೊಂದಿದೆ. ಅದು ಕೆಲಸ ಮಾಡದಿದ್ದರೆ ಗ್ಲೈಸಿನ್ ಮಿದುಳಿನಲ್ಲಿ ತುಂಬಿಕೊಳ್ಳುತ್ತದೆ. ಕೂಸು ಹಾಲು ಕುಡಿಯದೆ, ಬಿಕ್ಕಳಿಸುತ್ತಾ ಸೋತು ಮಲಗುತ್ತದೆ. ಬದುಕುವ ಭರವಸೆ ಕಡಿಮೆ. ರಕ್ತದಲ್ಲಿ ಗ್ಲೈಸಿನ್ ಸಹಜವಾಗಿಯೇ ಹೆಚ್ಚು; ಬೆನ್ನಿನ ನೀರಿಗೆ ಅದು ತುಸು ಬೆರೆತರೂ ಸಾಕು, ಇಲ್ಲದ ರೋಗ ಇದೆಯೆಂದು ಲೆಕ್ಕ ತೋರಿಸುತ್ತದೆ.

ಪತ್ರಿಕೆಗೆ ಬರೆಯಲು ಬಂದ ನಾನು ಇಷ್ಟು ಎಚ್ಚರವೇ ಎಂದು ಹೊಗಳಿದರೆ ಅಕ್ಕ ತಲೆ ತಗ್ಗಿಸುತ್ತಾರೆ.

"ಬರೆಯೋದಾದ್ರೆ ಇದನ್ನೂ ಬರೀರಿ. ಒಂಬತ್ತು ವರ್ಷದ ಹಿಂದೆ ಇಂಥದ್ದೇ ಒಂದು ಸೀಸೆ ಬಂತು. ಹಿಂದಿನ ದಿನ ಒಂದನ್ನ ವಾಪಸ್ ಕಳಿಸಿ ದೊಡ್ಡ ಡಾಕ್ಟರ ಹತ್ರ ಉಗಿಸಿಕೊಂಡಿದ್ದೆ. ಸುಮ್ಮನೆ ಮೆಷಿನ್‌ಗೆ ಹಾಕಿಬಿಟ್ಟೆ. ಮಗು ಉಳಿಯಲ್ಲ ಅಂತ ಹೆತ್ತವರಿಗೆ ಹೇಳಿದ್ರು. ಹನ್ನೊಂದು ದಿನ! ಆಮೇಲೆ ಎರಡನೇ ಸಲ ತೆಗೆದಾಗ ಏನೂ ಇರಲಿಲ್ಲ. ಮಗು ಮನೆಗೆ ಹೋಯ್ತು."

ಕಣ್ತಪ್ಪು ಯಾರಿಗಾದರೂ ಆಗುತ್ತದಲ್ಲ, ಎನ್ನುತ್ತೇನೆ.

"ಎಲ್ಲರಿಗೂ ಹಾಗೇ ಹೇಳಿದೆ. ಕಣ್ಣು ತಪ್ಪಿರಲಿಲ್ಲ. ಕೆಂಪು ಚೆನ್ನಾಗಿ ಕಂಡಿತ್ತು." ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. "ಆ ತಾಯಿ ಬಂದು, ನಿಮ್ಮಿಂದ ಮಗು ಉಳೀತು ಅಂತ ನನ್ನ ಕೈ ಹಿಡ್ಕೊಂಡು ಅತ್ಲು. ನಾನು ಕೈ ಬಿಡಿಸ್ಕೊಳ್ಳಲಿಲ್ಲ."

ಎಂಟು ಗಂಟೆಗೆ ಹೊಸ ಸೀಸೆ ಬರುತ್ತದೆ. ತಿಳಿಯಾಗಿದೆ. ಅಕ್ಕ ಅದನ್ನು ಯಂತ್ರಕ್ಕಿಟ್ಟು, ಕೈತೊಳೆದು, ಮೆಲ್ಲಗೆ ಹೇಳುತ್ತಾರೆ:

"ಆ ತಾಯಿ ಪೇಪರ್ ಓದ್ತಾಳೋ ಇಲ್ವೋ. ಓದಿದ್ರೆ ಬರ್ಲಿ, ಬೈಲಿ. ಭಾನುವಾರ ಬಿಟ್ಟು ದಿನಾ ಇಲ್ಲೇ ಇರ್ತೀನಿ."