ಹುಳದ ಗಾಡಿಗೆ ಫಕೀರವ್ವ ಕೊಟ್ಟ ಬ್ಯಾಟರಿ

ಎರಡು ವರ್ಷದ ಹಿಂದಿನ ಮಾತು. ಹೆಸರು ಬೆಳೆ ಹೂ ಬಿಡುವ ಕಾಲ. ವಾರದಿಂದ ಮಳೆ ನಿಂತು, ಬೆಳಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಗಾಳಿ ಮಾತ್ರ ಬಿಟ್ಟೂಬಿಡದೆ ಬೀಸುತ್ತಿತ್ತು.

ನಾನು ಬೆಟಗೇರಿಯವಳು. ಮೊದಲು ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತಿದ್ದೆ. ಈಗ ಶಿರಹಟ್ಟಿ ಹತ್ತಿರದ ಒಂದು ಚಾಕಿ ಕೇಂದ್ರದ ಎಲೆಕ್ಟ್ರಿಕ್ ವ್ಯಾನ್ ಓಡಿಸುತ್ತೇನೆ. ಚಾಕಿ ಕೇಂದ್ರವೆಂದರೆ ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಮೊದಲ ಒಂದು ವಾರ ಕೂಸಿನಂತೆ ಸಾಕುವ ಜಾಗ. ಹುಳು ಎರಡನೇ ಜ್ವರಕ್ಕೆ ಕೂತ ಮೇಲೆ ಟ್ರೇಗಳಲ್ಲಿ ಇಟ್ಟು ರೈತರ ಮನೆಗೆ ಮುಟ್ಟಿಸುವುದು ನನ್ನ ಕೆಲಸ. ಜ್ವರ ಅಂದರೆ ಇಲ್ಲಿ ಕಾಯಿಲೆಯಲ್ಲ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂತು, ಹಳೇ ಚರ್ಮ ಕಳಚುವ ಹೊತ್ತು. ಅದರಿಂದ ಎದ್ದ ಹುಳುವಿಗೆ ಹೊತ್ತಿಗೆ ಸರಿಯಾಗಿ ಸೊಪ್ಪು ಸಿಗಬೇಕು. ಸೆಕೆ ತಾಗಬಾರದು. ನಮ್ಮ ಓಣಿಯ ಹೆಂಗಸರು "ಹುಳ ಹೊರೋ ಕೆಲಸಾನೂ ಒಂದ್ ಕೆಲಸೇನ?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆ ದಿನ ಮುಂಡರಗಿ ಆಚೆಯ ಹಳ್ಳಿಯೊಂದರ ಈರಪ್ಪ ಎಂಬ ರೈತನಿಗೆ ಹುಳು ಕೊಡಬೇಕಿತ್ತು. ಅವನೂ ಅವನ ಹೆಂಡತಿಯೂ ಮೊದಲ ಸಲ ರೇಷ್ಮೆಗೆ ಕೈ ಹಾಕಿದ್ದರು. ನಾನು ನಸುಕಿನಲ್ಲೇ ಹೊರಡಬೇಕಾದವಳು ಟ್ರೇ ತುಂಬುವುದು ತಡವಾಗಿ ಏಳಕ್ಕೆ ಹೊರಟೆ. ಡೋಣಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಹುಳುಗಳಿಗೆ ಗಾಳಿಯಾಡಲೆಂದು ರಸ್ತೆ ಪಕ್ಕ ನಿಲ್ಲಿಸಿ, ಗಾಡಿ ಬಂದ್ ಮಾಡಿ, ಹಿಂದಿನ ಬಾಗಿಲು ತೆರೆದೆ. ಐದು ನಿಮಿಷ ಬಿಟ್ಟು ಬಂದು ಚಾವಿ ತಿರುವಿದರೆ ಏನೂ ಇಲ್ಲ. ಮುಂದಿನ ಪರದೆ ಕಪ್ಪಗೆ ಕೂತಿತ್ತು. ಹಾರ್ನ್ ಒತ್ತಿದೆ, ದನಿಯಿಲ್ಲ. ಗಾಡಿ ನಿಲ್ಲಿಸಿದಾಗ ಮುಕ್ಕಾಲು ಪಾಲು ಚಾರ್ಜ್ ಇದ್ದದ್ದನ್ನು ನಾನೇ ನೋಡಿದ್ದೆ.

ಹುಬ್ಬಳ್ಳಿಯ ಸರ್ವಿಸ್ ಸೆಂಟರಿಗೆ ಫೋನ್ ಹಚ್ಚಿದೆ. ಅಲ್ಲಿನ ಮೆಕ್ಯಾನಿಕ್ ಸಮಾಧಾನದಿಂದ ಕೇಳಿಸಿಕೊಂಡ.

"ಅಕ್ಕಾರ, ದೊಡ್ಡ ಬ್ಯಾಟರಿಗೇನೂ ಆಗಿಲ್ರಿ. ಸೀಟಿನ ಕೆಳಗ ಒಂದ್ ಸಣ್ಣ ಬ್ಯಾಟರಿ ಇರತೈತಿ, ಹನ್ನೆರಡ ವೋಲ್ಟಿಂದು. ಅದು ಸತ್ತೈತಿ."

"ಸಣ್ಣದು ಸತ್ರ ದೊಡ್ಡದಕ್ಕೇನ್ರಿ?"

"ದೊಡ್ಡದನ್ನ ಎಬ್ಬಸೋದ ಆ ಸಣ್ಣದರಿ. ಅದ ಎಬ್ಬಸಲಿಲ್ಲಂದ್ರ ದೊಡ್ಡದು ತುಂಬಿದ್ರೂ ಮಲಗೇ ಇರತೈತಿ. ಎರಡ್ ಮೂರ್ ದಿನದಿಂದ ಹಾರ್ನ್ ಸಣ್ಣಗಾಗಿತ್ತೇನ್ರಿ?"

ಆಗಿತ್ತು. ನಾನೇ ಅಲಕ್ಷ್ಯ ಮಾಡಿದ್ದೆ. ಹೊಸ ಬ್ಯಾಟರಿ ತೆಗೆದುಕೊಂಡು ಅವನು ಬರಬೇಕೆಂದರೆ ಮೂರು ತಾಸು ಬೇಕು. ಅಷ್ಟರಲ್ಲಿ ಈರಪ್ಪನ ಫೋನ್ ಬಂತು. "ಎಲ್ಲಿದ್ದೀರಿ ಅಕ್ಕಾರ? ಸೊಪ್ಪ ಕೊಯ್ದ ಇಟ್ಕೊಂಡ ಕುಂತೇವ್ರಿ." ವಿಷಯ ಹೇಳಿದೆ. ಬೇರೆ ಗಾಡಿ ಹುಡುಕಿ ಕಳಿಸುತ್ತೇನೆಂದ. ಬೇಡವೆಂದೆ. ನಿನ್ನೆ ಮೊನ್ನೆ ಆ ಗಾಡಿಯಲ್ಲಿ ಕೀಟನಾಶಕದ ಡಬ್ಬಿ ಹೇರಿದ್ದರೆ ಇವತ್ತು ಹುಳುಗಳ ಗತಿ ಮುಗಿಯಿತು.

ಟ್ರೇಯ ಮೇಲಿನ ಕಾಗದ ಸರಿಸಿ ನೋಡಿದೆ. ಅಲ್ಲೊಂದು ಇಲ್ಲೊಂದು ಹುಳು ಆಗಲೇ ಜ್ವರದಿಂದ ಎದ್ದು ತಲೆ ಆಡಿಸುತ್ತಿತ್ತು. ಗಾಡಿಯ ತಗಡು ಕಾಯತೊಡಗಿತ್ತು. ಹತ್ತಿರದಲ್ಲಿ ನೆರಳೆಂದರೆ ಒಂದು ಜಾಲಿ ಗಿಡ, ಅದರ ಬುಡದ ತುಂಬ ಇರುವೆ. ದೂರದಲ್ಲಿ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಊರೂರಿಗೆ ಕರೆಂಟ್ ಅಲ್ಲೇ ತಯಾರಾಗುತ್ತಿದೆ, ನನಗೆ ಮಾತ್ರ ಒಂದು ಚಿಟಿಕೆ ಇಲ್ಲ ಎಂದು ಅಳು ಬಂತು. ಟ್ರ್ಯಾಕ್ಟರ್ ಒಂದು ಬಂತು. ಅದರ ಡ್ರೈವರ್ ಇಳಿದು ನೋಡಿ, "ನಮ್ಮ ಬ್ಯಾಟರಿಯಿಂದ ನಿಮ್ಮದಕ್ಕ ಜೋಡಸಾಕ ದಪ್ಪನ್ನ ವೈರ್ ಬೇಕರಿ, ನನ್ನ ಕಡೆ ಇಲ್ಲ" ಎಂದು ಹೋದ.

ಮತ್ತೆ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನು ಅಂದ, "ಅಲ್ಲೆ ಹೊಲದಾಗ ಯಾರರ ಬ್ಯಾಟರಿ ಪಂಪ್‌ಲೆ ಎಣ್ಣಿ ಹೊಡ್ಯಾಕತ್ತಾರೇನ ನೋಡ್ರಿ." ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ. "ಬೆನ್ನಿಗೆ ಹಾಕ್ಕೋತಾರಲ್ರಿ, ಆ ಪಂಪಿನ ತಳದಾಗಿರೋದೂ ಹನ್ನೆರಡ ವೋಲ್ಟಿನ ಬ್ಯಾಟರಿನರಿ. ಸತ್ತದ್ದನ್ನ ಬಿಚ್ಚಿ ಇದನ್ನ ಹಚ್ಚಿದ್ರ ಗಾಡಿ ಏಳತೈತಿ. ಇದಕ್ಕ ಸಣ್ಣ ವೈರ್ ಆದ್ರೂ ನಡೀತೈತಿ."

ನೋಡಿದೆ. ರಸ್ತೆಯ ಪಡುವಣಕ್ಕೆ ಹೆಸರಿನ ಹೊಲದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಐವತ್ತು ದಾಟಿದ ವಯಸ್ಸು. ಸೀರೆಯ ಮೇಲೆ ಗಂಡಸರ ಅಂಗಿ, ಮೂಗಿಗೆ ಬಟ್ಟೆ, ಬೆನ್ನಿಗೆ ಪಂಪು. ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ದೇವರೇ ಬಂದಂತಾಯಿತು. ಸೆರಗು ಸಿಕ್ಕಿಸಿಕೊಂಡು ಹೊಲಕ್ಕಿಳಿದು ಓಡಿದೆ.

"ಅಲ್ಲೇ ನಿಂದರ!" ಆಕೆ ಕೈಯೆತ್ತಿ ಗದರಿದಳು. "ಒಂದ್ ಹೆಜ್ಜಿ ಮುಂದ ಬಂದಿ ಅಂದ್ರ ನೋಡ!"

ಬೆಳೆ ತುಳಿದೆನೆಂದು ಸಿಟ್ಟಾದಳೆಂದುಕೊಂಡೆ. "ತಪ್ಪಾತ್ರಿ ಯಕ್ಕಾ, ಗಾಡಿ ಕೆಟ್ಟೈತ್ರಿ..." ಎನ್ನುವಷ್ಟರಲ್ಲಿ ಆಕೆ ಮೂಗಿನ ಬಟ್ಟೆ ಕೆಳಗಿಳಿಸಿ ಕೇಳಿದಳು.

"ಆ ಗಾಡ್ಯಾಗ ಇರೋದು ರೇಷ್ಮಿ ಹುಳ ಹೌದಲ್ಲ?"

"ಹೌದ್ರಿ."

"ಮತ್ತ ಎಣ್ಣಿ ಹೊಡಿಯೋರ ಹಂತ್ಯಾಕ ಯಾಕ ಓಡಿ ಬರತಿ? ನಿನ್ನ ಸೀರಿಗಿ ಈ ವಾಸನಿ ಹತ್ತಿದ್ರ ನೀ ತಿರುಗಿ ಅವನ್ನ ಮುಟ್ಟೂ ಹಂಗಿಲ್ಲ. ನೀ ಬಾಗಲಾ ತಗದ ಕೂಡ್ಲೇ ಟ್ರೇ ಕಂಡ್ವು, ನಾ ಪಂಪ್ ಬಂದ್ ಮಾಡೇನಿ. ಗಾಳಿ ಇಲ್ಲಿಂದ ನಿನ್ನ ಕಡೆನ ಬೀಸಾಕತ್ತೈತಿ. ಮೊದಲ ಹೋಗಿ ಆ ಬಾಗಲಾ ಹಾಕು. ಆಚಿ ಮಗ್ಗಲಿಂದ ತಗಿ."

ವರ್ಷದಿಂದ ಹುಳು ಹೊರುವವಳು ನಾನು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ಒಮ್ಮೆಯೂ ನೋಡಿರಲಿಲ್ಲ. ಆಕೆ ನನ್ನ ಗಾಡಿ ನಿಂತ ಗಳಿಗೆಯಲ್ಲೇ ಅಷ್ಟನ್ನೂ ನೋಡಿ, ಯಾರೂ ಹೇಳದೆ ತನ್ನ ಕೆಲಸ ನಿಲ್ಲಿಸಿ ನಿಂತಿದ್ದಳು.

ಓಡಿ ಹೋಗಿ ಆಕೆ ಹೇಳಿದಂತೆ ಮಾಡಿದೆ. ಆಮೇಲೆ ದೂರದಿಂದಲೇ ಕೂಗಿ ಬ್ಯಾಟರಿ ವಿಷಯ ಹೇಳಿದೆ. ಕೇಳಿ, "ತಡಿ, ಜಲ್ದಿ ಮಾಡಬ್ಯಾಡ" ಎಂದಳು.

ಮುಂದೆ ಆಕೆ ಮಾಡಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ನೇರವಾಗಿ ನನ್ನ ಕಡೆ ಬರಲಿಲ್ಲ. ಹೊಲದಲ್ಲೇ ಬಹಳ ದೂರ ನಡೆದು, ಅಲ್ಲಿ ರಸ್ತೆ ದಾಟಿ, ಗಾಳಿ ಹೋಗುವ ದಿಕ್ಕಿಗಿದ್ದ ಬೋರಿನ ತೊಟ್ಟಿಯ ಹತ್ತಿರ ಹೋದಳು. ಪಂಪು ಇಳಿಸಿ, ತಳದ ಮುಚ್ಚಳ ತೆಗೆದು, ಬ್ಯಾಟರಿ ಹೊರಗೆಳೆದಳು. ಒದ್ದೆ ಬಟ್ಟೆಗೆ ಸಾಬೂನು ಹಚ್ಚಿ ಅದನ್ನು ಒರೆಸಿದಳು. ಬಟ್ಟೆ ಬದಲಿಸಿ ಮತ್ತೆ ಒರೆಸಿದಳು. ಅಂಗಿ ಬಿಚ್ಚಿ ದೂರ ಎಸೆದು, ಮೊಣಕೈವರೆಗೆ ಸಾಬೂನು ಹಚ್ಚಿಕೊಂಡು, ಕೊಡಗಟ್ಟಲೆ ನೀರು ತಲೆಯ ಮೇಲೆ ಸುರಿದುಕೊಂಡಳು. ಇತ್ತ ನನಗೆ ಒಂದೊಂದು ಗಳಿಗೆಯೂ ಒಂದು ತಾಸು. "ಯಕ್ಕಾ, ಸಾಕ್ರಿ, ಹುಳ ಏಳಾಕತ್ತಾವ್ರಿ" ಎಂದು ಕೂಗಿದೆ. ಆಕೆ ತಿರುಗಿಯೂ ನೋಡಲಿಲ್ಲ. ಮತ್ತೊಮ್ಮೆ ಕೈ ತೊಳೆದು, ಬುತ್ತಿ ಕಟ್ಟಿದ್ದ ಬಿಳಿ ಬಟ್ಟೆ ಬಿಚ್ಚಿ ರೊಟ್ಟಿಯನ್ನು ಡಬ್ಬಿಯ ಮುಚ್ಚಳದ ಮೇಲಿಟ್ಟಳು. ಆ ಬಟ್ಟೆಯಲ್ಲಿ ಬ್ಯಾಟರಿ ಸುತ್ತಿದಳು.

ಒದ್ದೆ ಸೀರೆಯಲ್ಲೇ ನಡೆದು ಬಂದು, ನನ್ನಿಂದ ಇಪ್ಪತ್ತು ಮಾರು ದೂರದಲ್ಲಿ ಒಂದು ಕಲ್ಲಿನ ಮೇಲೆ ಅದನ್ನಿಟ್ಟು ಹಿಂದೆ ಸರಿದಳು.

"ಒಯ್ಯಿ. ಹಚ್ಚೋತನಕ ಹುಳದ ಬಾಗಲಾ ಮುಟ್ಟಬ್ಯಾಡ. ಹಚ್ಚಿ ಆದ ಮ್ಯಾಲ ಕೈ ತೊಳಿ. ಅಲ್ಲಿ ಹ್ವಾದ ಮ್ಯಾಲೂ ಅವರ ಟ್ರೇ ಇಳಿಸ್ಕೊಳ್ಳಿ, ನೀ ದೂರ ನಿಂದರು."

ಬಟ್ಟೆಯೊಳಗೆ ಎರಡು ತುಂಡು ವೈರೂ ಇದ್ದವು. ತುದಿಗಳು ಆಗಷ್ಟೇ ಕತ್ತರಿಸಿದಂತಿದ್ದವು. ಕುಡಗೋಲಿನಿಂದ ತನ್ನ ಪಂಪಿನ ವೈರನ್ನೇ ಕೊಯ್ದು ಕೊಟ್ಟಿದ್ದಳು.

"ಪಂಪ್ ಹಾಳಾತಲ್ರಿ ಯಕ್ಕಾ!"

"ವೈರ್ ಹಾಕಿದ್ರ ಮತ್ತ ನಡೀತೈತಿ. ನೀ ನಿನ್ನ ಕೆಲಸಾ ನೋಡು."

ಮೆಕ್ಯಾನಿಕ್ ವಿಡಿಯೋ ಕಾಲ್‌ನಲ್ಲಿ ಹೇಳುತ್ತ ಹೋದ, ನಾನು ಮಾಡುತ್ತ ಹೋದೆ. ಸೀಟು ಎತ್ತಿದೆ. ಗಾಡಿಯ ಜೊತೆ ಬಂದಿದ್ದ ಹತ್ತು ನಂಬರಿನ ಪಾನಾದಿಂದ ಮೊದಲು ಕಪ್ಪು ವೈರಿನ ನಟ್ಟು, ಆಮೇಲೆ ಕೆಂಪಿನದು ಬಿಚ್ಚಿದೆ. ಹಳೇ ಬ್ಯಾಟರಿ ಎತ್ತಿ ಹೊರಗಿಟ್ಟೆ. ಜನ್ಮದಲ್ಲಿ ಪಾನಾ ಹಿಡಿದವಳಲ್ಲ, ಎರಡು ಸಲ ಕೆಳಗೆ ಬೀಳಿಸಿದೆ. ದೂರದಿಂದ ಆಕೆ ಕೂಗಿದಳು, "ಕೆಂಪ ಕೆಂಪಿಗಿ ಹಚ್ಚ ಯವ್ವಾ, ಗಡಬಡಿಸಬ್ಯಾಡ!" ಸಣ್ಣ ಬ್ಯಾಟರಿಗೆ ವೈರು ಸಿಕ್ಕಿಸಿ, ಇನ್ನೊಂದು ತುದಿಯ ತಾಮ್ರದ ಎಳೆಗಳನ್ನು ಗಾಡಿಯ ವೈರಿಗೆ ಬಿಗಿಯಾಗಿ ಸುತ್ತಿದೆ. ಮೊದಲು ಕೆಂಪು, ಕೊನೆಗೆ ಕಪ್ಪು.

ಚಾವಿ ತಿರುವಿದೆ. ಕಾಲ ಕೆಳಗೆ ಎಲ್ಲೋ "ಟಕ್" ಎಂದಿತು. ಪರದೆ ಬೆಳಗಿತು.

ಆ ಸಣ್ಣ ಬ್ಯಾಟರಿ ನಮ್ಮ ಮನೆಯ ಊಟದ ಡಬ್ಬಿಗಿಂತ ದೊಡ್ಡದಿರಲಿಲ್ಲ. ಅಷ್ಟು ದೊಡ್ಡ ಗಾಡಿ ಅದರ ಒಂದು ತಟ್ಟಿಗೆ ಎದ್ದು ಕೂತಿತು. ನನ್ನ ಮೈ ಜುಮ್ಮೆಂದಿತು.

"ಎದ್ದೈತಿ ಬಿಡ್ರಿ" ಎಂದ ಮೆಕ್ಯಾನಿಕ್. "ಇನ್ನ ದೊಡ್ಡದು ತಾನ ನೋಡ್ಕೋತೈತಿ. ಹೊಸಾ ಬ್ಯಾಟರಿ ಹಾಕೋತನಕ ಬಂದ್ ಮಾಡಬ್ಯಾಡ್ರಿ, ಇದನ್ನ ತಗೀಬ್ಯಾಡ್ರಿ. ಲೈಟ್, ಫ್ಯಾನ್ ಏನೂ ಹಚ್ಚಬ್ಯಾಡ್ರಿ."

ಅಂದರೆ ಆಕೆಯ ಬ್ಯಾಟರಿ ನನ್ನ ಜೊತೆಯೇ ಹೋಗಬೇಕು. ಹೇಗೆ ಕೇಳಲೆಂದು ತಡವರಿಸಿದೆ. "ಯಕ್ಕಾ, ಸಂಜಿಗೆ ತಂದ ಕೊಡ್ತೇನ್ರಿ. ನಿಮ್ಮ ಹೆಸರೇನ್ರಿ?"

"ಫಕೀರವ್ವ. ಇದು ನಮ್ಮದ ಹೊಲ. ನಾಳಿಗಿ ಹೊಡದ್ರೂ ನಡೀತೈತಿ, ನೀ ಹೋಗು."

"ಹುಳದ ವಿಷಯ ನಿಮಗ ಹೆಂಗ ಗೊತ್ರಿ?"

ಆಕೆ ಒದ್ದೆ ಸೆರಗು ಹಿಂಡುತ್ತ ಹೇಳಿದಳು. "ತವರ ಮನ್ಯಾಗ ಹುಳ ಸಾಕತಿದ್ರು. ನನಗ ಆಗ ಹದಿನಾರು. ಮೆಣಸಿನ ಗಿಡಕ್ಕ ಎಣ್ಣಿ ಹೊಡದ ಬಂದು, ಬರೇ ನೀರಾಗ ಕೈ ತೊಳಕೊಂಡು ಸೊಪ್ಪ ಹಾಕಿದ್ನಿ. ಮುಂಜಾನಿ ನೋಡಿದ್ರ ಒಂದೂ ಉಳದಿದ್ದಿಲ್ಲ. ನಮ್ಮಪ್ಪ ನನಗ ಒಂದ್ ಮಾತ ಅನಲಿಲ್ಲ. ಅಂದಿದ್ರ ಚಲೋ ಇತ್ತು."

ಸಾಬೂನು ಹಚ್ಚಿ ಕೈ ತೊಳೆದು, ಆಕೆಗೆ ಕೈ ಮುಗಿದು ಗಾಡಿ ಏರಿದೆ.

ಈರಪ್ಪನ ಮನೆ ಮುಟ್ಟಿದಾಗ ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಟ್ರೇಗಳನ್ನು ಅವರೇ ಇಳಿಸಿಕೊಂಡರು. ಫಕೀರವ್ವ ಹೇಳಿದ್ದಂತೆ ನಾನು ಹೊಸ್ತಿಲ ಆಚೆ ನಿಂತೆ. ಅವರು ಕಾಗದ ಸರಿಸಿದರೆ ಸಾವಿರ ಸಾವಿರ ಹುಳು ಎದ್ದು, ಸೊಪ್ಪು ಎಲ್ಲಿದೆಯೆಂದು ತಲೆ ಆಡಿಸುತ್ತಿದ್ದವು. ಈರಪ್ಪ ಸೊಪ್ಪು ಹರಡಿದ. ಒಂದೊಂದಾಗಿ ಹತ್ತಿದವು, ನೋಡನೋಡುತ್ತ ಎಲೆಯ ಮೇಲೆಲ್ಲ ಅವೇ ಆದವು. ನನ್ನ ಕೈಯಲ್ಲಿ ಎಷ್ಟು ಜೀವ ಇದ್ದವೆಂದು ನನಗೆ ತಿಳಿದದ್ದು ಅವತ್ತೇ. ಈರಪ್ಪನ ಹೆಂಡತಿಗೆ ಹೇಳಿ ಒಂದು ವಿಡಿಯೋ ಮಾಡಿಸಿಕೊಂಡೆ.

ಮುಂಡರಗಿಯ ಬ್ಯಾಟರಿ ಅಂಗಡಿಯವನು ಹೊಸದನ್ನು ಹತ್ತು ನಿಮಿಷದಲ್ಲಿ ಕೂರಿಸಿದ. ಪಂಪಿನ ಬ್ಯಾಟರಿ ಕಂಡು ಮೊದಲು ನಕ್ಕ. ನಡೆದದ್ದು ಹೇಳಿದ ಮೇಲೆ ಅದಕ್ಕೆ ಪೂರ್ತಿ ಚಾರ್ಜ್ ಮಾಡಿ, ತುದಿಗೆ ಕ್ಲಿಪ್ ಹಾಕಿದ ಹೊಸ ವೈರು ಕೊಟ್ಟ.

ಹೊತ್ತು ಇಳಿಯುವಾಗ ಹೊಲಕ್ಕೆ ಹೋದೆ. ಫಕೀರವ್ವ ಬದುವಿನ ಮೇಲೆ ಕಸ ಕೀಳುತ್ತಿದ್ದಳು. ಬ್ಯಾಟರಿ, ವೈರು, ಮಡಚಿದ ಬಟ್ಟೆ ಕೊಟ್ಟೆ. ಬ್ಯಾಟರಿಯನ್ನು ನೋಡಲೂ ಇಲ್ಲ. "ಹುಳ?" ಎಂದಳು.

ವಿಡಿಯೋ ಹಚ್ಚಿ ಫೋನ್ ಮುಂದೆ ಹಿಡಿದೆ. ಆಕೆ ಕೈ ಚಾಚಿದವಳು ತಟ್ಟನೆ ಹಿಂದೆ ತೆಗೆದುಕೊಂಡು, "ತಡಿ" ಎಂದು ತೊಟ್ಟಿಯ ಕಡೆ ಹೋದಳು. ಸಾಬೂನು ಹಚ್ಚಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಬಂದಳು.

"ಅವು ಫೋನಿನಾಗ ಅದಾವಲ್ರಿ ಯಕ್ಕಾ" ಎಂದೆ.

"ಇರಲಿ" ಎಂದಳು.

ಮೂರು ಸಲ ನೋಡಿದಳು. ಮುಖ ಫೋನಿಗೆ ಬಹಳ ಹತ್ತಿರ ಹಿಡಿದು, ತುಟಿ ಅಲ್ಲಾಡಿಸುತ್ತ ಏನೋ ಎಣಿಸಿದಳು. "ಎಲ್ಲಾ ಎದ್ದಾವು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇನ್ನ ನಾಕ ದಿನಕ್ಕ ಮತ್ತ ಜ್ವರಕ್ಕ ಕುಂಡರತಾವು. ಅವಾಗ ಸೊಪ್ಪ ಹಾಕಬ್ಯಾಡಂತ ಹೇಳು ಅವರಿಗಿ. ಹೊಸಬ್ರು ಹಾಕಿಬಿಡ್ತಾರು" ಎಂದಳು.

ನಾನು ಅಲ್ಲಿಂದಲೇ ಈರಪ್ಪನಿಗೆ ಫೋನ್ ಹಚ್ಚಿ ಆಕೆಯ ಕೈಗೆ ಕೊಟ್ಟೆ. ಕತ್ತಲಾಗುವವರೆಗೆ ಆಕೆ ಅವನ ಹೆಂಡತಿಗೆ ಒಂದೊಂದೇ ಹೇಳುತ್ತಿದ್ದಳು. ನಾನು ಬದುವಿನ ಮೇಲೆ ಕೂತು ಕೇಳಿದೆ. ಕಣ್ಣಿಗೂ ಸರಿಯಾಗಿ ಕಾಣದ ಜೀವಕ್ಕೆ, ಅದೂ ತನ್ನದಲ್ಲದ್ದಕ್ಕೆ, ಒಬ್ಬ ಹೆಂಗಸು ಇಷ್ಟು ಭಯಭಕ್ತಿ ಇಟ್ಟುಕೊಂಡು ಬದುಕಬಹುದೆಂದು ನಾನು ಅಂದುಕೊಂಡಿರಲಿಲ್ಲ. ಈಗ ಓಣಿಯವರು ಹುಳ ಹೊರೋ ಕೆಲಸವೆಂದು ನಕ್ಕರೆ ನನಗೆ ನಗು ಬರುವುದಿಲ್ಲ. ಬೆಳಗ್ಗೆ ಟ್ರೇ ಏರಿಸುವಾಗ ಎದೆಯಲ್ಲಿ ಸಣ್ಣದೊಂದು ಅಂಜಿಕೆ ಇರುತ್ತದೆ. ಅದು ಇರಲಿ ಎಂದೇ ನನ್ನ ಆಸೆ.